ಲೆಕ್ಕ ಚುಕ್ತಾ ಮಾಡಿಸಿ ಕಳಿಸಿ

ಮಾನ್ಯ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025ರ ಸನ್ನಿಧಾನಕ್ಕೆ,

ಚನ್ನಗಿರಿ ತಾಲ್ಲೂಕು ಸಂತೇಬೆನ್ನೂರಿನ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು.

1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳ ಹೊರೆಯನ್ನು ತಾವೊಬ್ಬರೇ ಹೊತ್ತು, 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದ್ದೀರಿ. ಖೊಟ್ಟಿ ಪಾಸ್‌ಪೋರ್ಟ್ ಬಳಸಿದವರಿಗೆ 2ರಿಂದ 7 ವರ್ಷ ಜೈಲು, 1ರಿಂದ 10 ಲಕ್ಷ ರೂಪಾಯಿ ದಂಡ ಎಂದಿದ್ದೀರಿ. ಈ ಬಿಗಿಗೆ ನಾನು ಋಣಿ. ಆದರೆ ದಂಡ ಸೇರುವುದು ಸರ್ಕಾರದ ಖಜಾನೆಗೆ. ಫೋನಿನಲ್ಲಿ ನಯವಾಗಿ ಮಾತಾಡಿ ವಿದೇಶಿ ವಂಚಕ ದೋಚಿದ ಅಡಿಕೆ ದುಡ್ಡು ಬೆಳೆಗಾರನ ಮನೆಗೆ ಮರಳುವ ದಾರಿಯನ್ನು ತಾವು ತೋರಿಸಿಲ್ಲ.

ವಿದೇಶಿಯನ್ನು ದೇಶ ಬಿಡಿಸುವ ಅಧಿಕಾರ ಸರ್ಕಾರಕ್ಕೆ ತಮ್ಮಿಂದ ಸಿಕ್ಕಿದೆ. ಕೆಲವರು ತಮ್ಮ ಆದೇಶಕ್ಕೂ ಕಾಯುವುದಿಲ್ಲ. ಸೈಬರ್ ವಂಚನೆ ಪ್ರಕರಣದಲ್ಲಿ ಜಾರ್ಖಂಡ್ ಹೈಕೋರ್ಟಿನಿಂದ ಜಾಮೀನು ಪಡೆದ ನೈಜೀರಿಯಾದ ಪ್ರಜೆಯೊಬ್ಬ ಪರಾರಿಯಾದ. ಇಂಥವರನ್ನು ತಡೆಯಲು ನೀತಿ ಬೇಕೆಂಬ ಮಾತು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೇ ಬಂತು.

ಗಡಿ ದಾಟಿದವರನ್ನು ಮರಳಿ ತರುವ ಕಷ್ಟ ನಮ್ಮ ರಾಜ್ಯಕ್ಕೆ ಗೊತ್ತು. ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದ ಉದ್ಯಮಿ ವಿಜಯ್ ಮಲ್ಯ ಬ್ಯಾಂಕುಗಳ ಸಾಲ ತೀರಿಸದೆ 2016ರ ಮಾರ್ಚ್ 2ರಂದು ದೇಶ ಬಿಟ್ಟರು. ಹಸ್ತಾಂತರಕ್ಕೆ ಲಂಡನ್ನಿನ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಒಪ್ಪಿದ ಮೇಲೂ ವರ್ಷಗಳೇ ಉರುಳಿದವು. ಆದರೂ ಅವರ ಆಸ್ತಿಯಿಂದ ಸರ್ಕಾರಿ ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ವಾಪಸಾಗಿದೆ ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವರು ಲೋಕಸಭೆಗೆ ತಿಳಿಸಿದರು. ಆಳು ಬಾರದಿದ್ದರೂ ಹಣ ಬಂತು, ಏಕೆಂದರೆ ಆಸ್ತಿಯನ್ನು ಹಿಡಿದಿಟ್ಟಿದ್ದರು. ಬ್ಯಾಂಕಿಗೆ ಸಿಕ್ಕ ಈ ನ್ಯಾಯ ಎರಡೆಕರೆ ತೋಟದವನಿಗೂ ಸಿಗಬೇಡವೇ?

ಇನ್ನೊಂದು ಬೇಡಿಕೆ. ನಮ್ಮೂರ ಪುಷ್ಕರಣಿ ನೋಡಲು ಬರುವ ಪರದೇಶಿಯೂ ತಮ್ಮ ಕಣ್ಣಿಗೆ ಕಳ್ಳನಾಗಿ ಕಾಣದಿರಲಿ. ಅಪರಾಧ ಸಾಬೀತಾದವನಿಗಷ್ಟೇ ಶಿಕ್ಷೆಯಾಗಲಿ.

ಮತ್ತೆ ದುಡ್ಡಿನ ಮಾತಿಗೆ ಬಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಂ ತಮಗೆ ಒಡಹುಟ್ಟಿದ ಹಾಗೆ. ಅಪರಾಧದಿಂದ ಬಂದ ಆಸ್ತಿಯನ್ನು ಜಪ್ತಿ ಮಾಡಿ, ಜಿಲ್ಲಾ ಮ್ಯಾಜಿಸ್ಟ್ರೇಟರ ಮೂಲಕ ನೊಂದವರಿಗೆ ಹಂಚುವ ದಾರಿ ಅದರಲ್ಲಿದೆ. ಅದರ ಕೈ ಹಿಡಿದು ನಡೆಯಿರಿ. ಸಂತೆಯಲ್ಲಿ ತೂಕದ ಮೋಸ ಸಿಕ್ಕಿಬಿದ್ದರೆ ನಾವು ಮೊದಲು ಕೇಳುವುದು ನಮ್ಮ ದುಡ್ಡು. ಜಾಗ ಖಾಲಿ ಮಾಡು ಎನ್ನುವುದು ಆಮೇಲೆ. ವಂಚಕನನ್ನು ವಿಮಾನ ಹತ್ತಿಸುವ ಮುನ್ನ ತಾವೂ ಹಾಗೆಯೇ ಕೇಳಬೇಕೆಂದು ಕೈಮುಗಿದು ಬೇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಂತೇಬೆನ್ನೂರಿನ ಒಬ್ಬ ಬೆಳೆಗಾರ