ವಾರಂಟಿ ಉಂಟು, ಲಾರಿ ಓಡುತ್ತಿಲ್ಲ

ಹೊಸ ಲಾರಿಗೆ ಕಟ್ಟಿದ ನಿಂಬೆಹಣ್ಣು ಇನ್ನೂ ಬಾಡಿಲ್ಲ, ಶಿರಾಡಿ ಘಾಟಿಯಲ್ಲಿ ಎಂಜಿನ್ ದೀಪ ಹೊತ್ತಿಕೊಂಡಿತು. 2020ರ ಏಪ್ರಿಲ್‌ನಲ್ಲಿ ಕಡ್ಡಾಯವಾದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ದೊಡ್ಡ ಲಾರಿಗಳು ಡೀಸೆಲ್ ಜೊತೆ ಯೂರಿಯಾ ದ್ರಾವಣವನ್ನೂ ಕುಡಿಯುತ್ತವೆ: ಶೇ. 32.5 ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. (ಗದ್ದೆಗೆ ಯೂರಿಯಾ ಬೇಕೆಂದು ಕ್ಯೂ ನಿಂತವರು ಹೊಟ್ಟೆ ಉರಿಸಿಕೊಳ್ಳಬೇಡಿ.) ಈ ದ್ರಾವಣದ ಗುಣಮಟ್ಟದ ಮೇಲೆ ಸೆನ್ಸರ್‌ಗೆ ಅನುಮಾನ ಬಂದರೆ ಸಾಕು, ಎಂಜಿನ್ ಅಳಿಯನಂತೆ ಮುನಿಸಿಕೊಂಡು ಶಕ್ತಿ ಇಳಿಸಿಬಿಡುತ್ತದೆ.

ಹಿಂದಾದರೆ ಮೇಸ್ತ್ರಿ ಬೀಡಿ ಕಚ್ಚಿ, ಸ್ಪ್ಯಾನರ್ ಹಿಡಿದು ಲಾರಿಯಡಿ ನುಗ್ಗುತ್ತಿದ್ದ. ಈಗ ಸರ್ವಿಸ್ ಸೆಂಟರ್ ಹುಡುಗ ಲ್ಯಾಪ್‌ಟಾಪ್ ಚುಚ್ಚಿ, "ಅಣ್ಣಾ, ಯೂರಿಯಾ ಎಲ್ಲಿ ಹಾಕ್ಸಿದ್ರಿ? ಬಿಲ್ ಇದೆಯಾ?" ಅಂತಾನೆ. ಹೊರಗಿನ ಮೇಸ್ತ್ರಿ ಕ್ಯಾಬಿನ್ ಎತ್ತಿದರೆ ವಾರಂಟಿ ಹೋಯ್ತಂತೆ!

ವಾರಂಟಿ ಬಿಡಿಭಾಗ ಕೊಡುತ್ತದೆ; ಲಾರಿ ನಿಂತ ದಿನಗಳ ಫೈನಾನ್ಸ್ ಕಂತು, ಡ್ರೈವರ್ ಬಾಟಾ, ಲೋಡಿನಲ್ಲೇ ಕೊಳೆತ ಟೊಮೆಟೊ ನಮ್ಮ ಲೆಕ್ಕಕ್ಕೆ. ಹೊಸ ಲಾರಿ ಕೊಳ್ಳುವವರೇ, ಯೂರಿಯಾ ಬಿಲ್ಲನ್ನೂ ಸರ್ವಿಸ್ ಜಾಬ್ ಕಾರ್ಡನ್ನೂ ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ.