ಶಿಬಿರಪಿತ

ಏಪ್ರಿಲ್ ಹತ್ತರ ಸುಮಾರಿಗೆ ಶಾಲೆಗಳು ಫಲಿತಾಂಶ ಹಂಚಿ ಬಾಗಿಲು ಹಾಕಿಕೊಂಡವು ಎಂದರೆ ನಮ್ಮ ಪಟ್ಟಣಗಳಲ್ಲಿ ಒಂದು ಬಗೆಯ ಗೃಹಸ್ಥ ಕಾಣಿಸಿಕೊಳ್ಳಲು ಶುರುಮಾಡುತ್ತಾನೆ. ವರ್ಷದ ಉಳಿದ ಕಾಲವೆಲ್ಲ ಅವನು ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಬುದ್ಧಿವಂತನೆಂದೇ ಹೆಸರು ಪಡೆದಿರುತ್ತಾನೆ. ಮಗನನ್ನೋ ಮಗಳನ್ನೋ ಹತ್ತು ದಿನದ ವಸತಿ ಬೇಸಿಗೆ ಶಿಬಿರಕ್ಕೆ ಸೇರಿಸಿ, ದುಡ್ಡು ಕಟ್ಟಿದ ರಸೀದಿ ಕೈಗೆ ಬಂದ ಗಳಿಗೆಯಿಂದ ಆ ಬುದ್ಧಿಯೂ ಬೇಸಿಗೆ ರಜೆ ಹಾಕಿಬಿಡುತ್ತದೆ. ಅವನನ್ನು ಶಿಬಿರಪಿತ ಎಂದು ಕರೆಯೋಣ. ತಾಯಂದಿರನ್ನು ಬಿಟ್ಟು ತಂದೆಯನ್ನೇ ಏಕೆ ಹಿಡಿದೆ ಎಂದು ಯಾರಾದರೂ ಕೇಳಬಹುದು. ತಾಯಿ ಅಳು ಬಂದರೆ ಅತ್ತು, ಮೂಗೊರೆಸಿಕೊಂಡು, ಕೆಲಸಕ್ಕೆ ಹೋಗುತ್ತಾಳೆ. ತಂದೆಗೆ ಬರುವುದು ಅಳುವಲ್ಲ, ‘ಪ್ಲಾನಿಂಗ್’. ಅದು ಅಳುವಿಗಿಂತ ಹೆಚ್ಚು ದಿನ ಇರುತ್ತದೆ, ಸುತ್ತಲಿನವರಿಗೆಲ್ಲ ಹರಡುತ್ತದೆ. ನನ್ನ ವಾದವಿಷ್ಟೆ: ಶಿಬಿರಕ್ಕೆ ಮಗುವನ್ನು ಅಣಿಗೊಳಿಸಲು ಒಂದು ವಾರ ಸಾಕು, ಶಿಬಿರಪಿತನನ್ನು ಅಣಿಗೊಳಿಸಲು ಪ್ರತ್ಯೇಕ ಶಿಬಿರವೇ ನಡೆಯಬೇಕು, ಅದೂ ಮಗುವಿನ ಶಿಬಿರಕ್ಕಿಂತ ಮೊದಲು.

ಮೊದಲ ಸಾಕ್ಷಿ, ಬ್ಯಾಗು. ಶಿಬಿರದವರು ಕಳಿಸುವ ಪಟ್ಟಿ ಅರ್ಧ ಪುಟ ದಾಟುವುದಿಲ್ಲ. ನಾಲ್ಕು ಜೊತೆ ಬಟ್ಟೆ, ಹೊದಿಕೆ, ತಟ್ಟೆ ಲೋಟ, ಟವೆಲ್ಲು, ಸೋಪು, ಬ್ರಷ್ಷು, ಟೋಪಿ, ಒಂದು ಟಾರ್ಚು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ಮೊಬೈಲು ಬೇಡ, ಒಡವೆ ಬೇಡ, ತಿಂಡಿ ತಿನಿಸು ಬೇಡ. ಶಿಬಿರಪಿತನ ಕಣ್ಣಿಗೆ ಈ ‘ಬೇಡ’ ಎಂಬುದು ‘ಕಡ್ಡಾಯವಲ್ಲ’ ಎಂದು ಕಾಣಿಸುತ್ತದೆ. ನಾಲ್ಕು ಜೊತೆ ಬಟ್ಟೆ ಅವನ ಲೆಕ್ಕದಲ್ಲಿ ಹತ್ತಾಗುತ್ತದೆ. ಟಾರ್ಚು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಟಾರ್ಚು, ಆ ಎರಡನೆಯದನ್ನು ಕತ್ತಲಲ್ಲಿ ಹುಡುಕಲು ಮೂರನೆಯದು. ಟವೆಲ್ಲಿನ ಮಡಿಕೆಯಲ್ಲಿ ಕೋಡುಬಳೆ, ಸಾಕ್ಸಿನೊಳಗೆ ಚಟ್ನಿಪುಡಿ, ಬದಿಯ ಜೇಬಿನಲ್ಲಿ ಅಮೃತಾಂಜನದಿಂದ ಓಆರ್‌ಎಸ್‌ವರೆಗೆ ಒಂದು ಸಣ್ಣ ಔಷಧಿ ಅಂಗಡಿ. ಆಮೇಲೆ, ವಿಮಾನ ಪ್ರಯಾಣಕ್ಕೆಂದು ಯಾವಾಗಲೋ ಕೊಂಡಿದ್ದ ಕೊಕ್ಕೆ ತಕ್ಕಡಿಗೆ ಬ್ಯಾಗನ್ನು ನೇತುಹಾಕಿ ತೂಗುತ್ತಾನೆ. ಶಿಬಿ ಚಕ್ರವರ್ತಿಯ ಕಥೆ ಎಲ್ಲರಿಗೂ ಗೊತ್ತು. ಪಾರಿವಾಳದ ತೂಕಕ್ಕೆ ಸರಿಯಾಗಲೆಂದು ಮೈಯ ಮಾಂಸ ಕೊಯ್ದು ಕೊಯ್ದು ತಕ್ಕಡಿಗೆ ಹಾಕಿದ, ಎಷ್ಟು ಹಾಕಿದರೂ ಸಾಲಲಿಲ್ಲ, ಕಡೆಗೆ ತಾನೇ ತಟ್ಟೆಯಲ್ಲಿ ಹತ್ತಿ ಕೂತ. ಶಿಬಿರ ಎಂಬ ಮಾತಿಗೂ ಶಿಬಿಗೂ ವ್ಯಾಕರಣದ ಪ್ರಕಾರ ನಂಟೇನೂ ಇಲ್ಲ. ಆದರೆ ಜಿಪ್ಪು ಎಳೆಯುವ ಹೊತ್ತಿಗೆ ಶಿಬಿರಪಿತನ ಮುಖ ನೋಡಿದರೆ, ಇನ್ನೊಂದಿಷ್ಟು ಜಾಗವಿದ್ದಿದ್ದರೆ ಅವನೂ ಒಳಗೆ ಕೂರುತ್ತಿದ್ದ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಬೇಕಾದರೆ ಇರಲಿ ಅಂತ ಹಾಕಿದರೆ ತಪ್ಪೇನು ಎಂದು ಅವನು ಕೇಳುತ್ತಾನೆ. ತಪ್ಪು ತೂಕದ್ದಲ್ಲ. ಬ್ಯಾಗು ತುಂಬಿದವನಿಗೆ ಮಾತ್ರ ಅದರಲ್ಲಿ ಏನು ಎಲ್ಲಿದೆ ಎಂದು ಗೊತ್ತಿರುತ್ತದೆ, ತುಂಬಿದವನು ಶಿಬಿರದಲ್ಲಿ ಇರುವುದಿಲ್ಲ. ಒಂಬತ್ತು ವರ್ಷದ ಹುಡುಗಿಯ ಮುಂದೆ ಪಟ್ಟಿ ಇಟ್ಟು, ನೀನೇ ಜೋಡಿಸಿಕೋ ಎಂದರೆ ಅವಳು ಮೂರು ಸಾಮಾನು ಮರೆಯುತ್ತಾಳೆ, ಅದು ಖಂಡಿತ. ಮರೆತ ಸೋಪನ್ನು ಪಕ್ಕದ ಹಾಸಿಗೆಯವಳ ಹತ್ತಿರ ಕೇಳಬೇಕಾಗುತ್ತದೆ. ಹಾಗೆ ಕೇಳುವಾಗಲೇ ಅವಳ ಹೆಸರನ್ನೂ ಕೇಳಿರುತ್ತಾಳೆ. ಏನೂ ಕಡಿಮೆಯಾಗದಂತೆ ಕಳಿಸಿದ ಮಗುವಿಗೆ ಯಾರ ಹತ್ತಿರವೂ ಹೋಗುವ ಕಾರಣವೇ ಇರುವುದಿಲ್ಲ.

ಎರಡನೆಯ ಸಾಕ್ಷಿ ವಾಟ್ಸ್ಯಾಪ್ ಗ್ರೂಪು. ಇಲ್ಲಿ ನನ್ನ ತಾಳ್ಮೆ ಸ್ವಲ್ಪ ತಪ್ಪಿದರೆ ಓದುಗರು ಕ್ಷಮಿಸಬೇಕು. ಶಿಬಿರ ಶುರುವಾದ ಮೊದಲ ಸಂಜೆ, ಇನ್ನೂ ಆರು ಗಂಟೆ ಆಗಿರುವುದಿಲ್ಲ, ಶಿಬಿರಪಿತ ಬರೆಯುತ್ತಾನೆ: “ಸರ್, ಇವತ್ತಿನ ಫೋಟೊ?” ಫೋಟೊ ಬರುತ್ತವೆ, ನಲವತ್ತು. ನಲವತ್ತನ್ನೂ ಅವನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, ಎಕ್ಸ್‌ರೇ ನೋಡುವ ಡಾಕ್ಟರಂತೆ ನೋಡುತ್ತಾನೆ. “ಹನ್ನೊಂದನೇ ಫೋಟೊದಲ್ಲಿ ಬಲಗಡೆ ಕಾಣ್ತಿರೋ ಮೊಣಕೈ ನಮ್ಮ ಪುಟ್ಟೂದಾ?” “ಇಲ್ಲ ಸರ್, ಅದು ನಮ್ಮವನದು, ಹೋದ ತಿಂಗಳು ಸೈಕಲ್ಲಿಂದ ಬಿದ್ದ ಗಾಯದ ಗುರುತಿದೆ ನೋಡಿ.” ಒಂದು ಮೊಣಕೈಗೆ ಇಬ್ಬರು ವಾರಸುದಾರರು ಹುಟ್ಟಿಕೊಂಡು, ಮೂರನೆಯವರು ಮಧ್ಯಸ್ಥಿಕೆಗೆ ಬಂದು, ನಾಲ್ಕನೆಯವರು ಸಂದರ್ಭಕ್ಕೆ ಸಂಬಂಧವಿಲ್ಲದ ಗುಲಾಬಿ ಹೂವಿನ ಶುಭರಾತ್ರಿ ಹಾಕಿ, ಅಷ್ಟರಲ್ಲಿ ಹತ್ತೂವರೆ. ಮಕ್ಕಳನ್ನು ಮಲಗಿಸಿ ಆಗತಾನೇ ಕಾಲು ಚಾಚಿದ ಶಿಬಿರದ ಮೇಷ್ಟ್ರಿಗೆ ನೇರ ಫೋನು: “ಡಿಸ್ಟರ್ಬ್ ಮಾಡ್ತಿಲ್ಲ ತಾನೆ? ರಾತ್ರಿ ಮೊಸರನ್ನ ತಿಂದ್ನಾ ಅಂತ.” ಫೋಟೊದಲ್ಲಿ ಮಗು ಗಂಭೀರವಾಗಿದ್ದರೆ ಸೊರಗಿದೆ ಎಂದು ಅರ್ಥ. ನಗುತ್ತಿದ್ದರೆ ಬಲವಂತಕ್ಕೆ ನಗುತ್ತಿದೆ. ಫೋಟೊದಲ್ಲೇ ಇಲ್ಲದಿದ್ದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಮ್ಯಾಪಿನಲ್ಲಿ ಹುಡುಕುವ ಕೆಲಸ. ಇದನ್ನು ಬರಿಯ ತಮಾಷೆ ಎಂದು ಬಿಟ್ಟುಬಿಡಲಾಗದು. ಶಿಬಿರವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕಣ್ಣುಗಳು ಎಣಿಕೆಯಷ್ಟೇ ಇರುತ್ತವೆ. ಫೋಟೊ ತೆಗೆಯುತ್ತಿರುವ ಸ್ವಯಂಸೇವಕಿ ಆ ಹೊತ್ತಿಗೆ ಕೆರೆ ದಂಡೆಯ ಕಡೆ ನೋಡುತ್ತಿರುವುದಿಲ್ಲ, ಫೋನಿನ ಪರದೆ ನೋಡುತ್ತಿರುತ್ತಾಳೆ. ದಿನಕ್ಕೆ ನಲವತ್ತು ಫೋಟೊ ಕೇಳುವ ತಂದೆ ಕಾವಲಿನಿಂದ ಒಬ್ಬಳನ್ನು ಎಳೆದು ತನ್ನ ಸೇವೆಗೆ ಹಾಕಿಕೊಂಡಿದ್ದಾನೆ, ಸುರಕ್ಷತೆಯ ಹೆಸರಿನಲ್ಲೇ.

ಸುರಕ್ಷತೆಯ ಮಾತು ಬಂದರೆ ಅವನ ಆಕ್ಷೇಪಣೆಯನ್ನು ಹಗುರವಾಗಿ ತಳ್ಳುವಂತಿಲ್ಲ. ಕಾಲ ಕೆಟ್ಟಿದೆ, ಕೇಳದೆ ಕಳಿಸುವುದು ಹೇಗೆ ಎನ್ನುತ್ತಾನೆ. ಕೇಳಲೇಬೇಕು, ಒಪ್ಪೋಣ. ನನ್ನ ದೂರು ಅವನು ಕೇಳುವ ಪ್ರಶ್ನೆಗಳ ಮೇಲೆ. ನೀರು ಆರ್‌ಒದ್ದೋ ಕಾಯಿಸಿದ್ದೋ, ಇಡ್ಲಿಗೆ ಸಾಂಬಾರೋ ಚಟ್ನಿಯೋ, ಹಾಸಿಗೆ ಫ್ಯಾನಿನ ಕೆಳಗಿದೆಯೋ, ಇಂಥವನ್ನು ಅರ್ಧ ಗಂಟೆ ಕೇಳುತ್ತಾನೆ. ರಾತ್ರಿ ಮಕ್ಕಳ ಕೋಣೆಯ ಬಳಿ ಮಲಗುವವರು ಯಾರು, ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಹಿನ್ನೆಲೆ ವಿಚಾರಿಸಿದ್ದಾರೆಯೇ, ಹೆಣ್ಣುಮಕ್ಕಳ ಕಡೆ ಹೆಂಗಸರು ಇದ್ದಾರೆಯೇ, ನೀರಿಗೆ ಇಳಿಸುವಾಗ ಈಜು ಬಲ್ಲವರು ಎಷ್ಟು ಮಂದಿ, ಹಾವು ಕಚ್ಚಿದರೆ ಯಾವ ಊರಿಗೆ ಯಾವ ಗಾಡಿಯಲ್ಲಿ ಒಯ್ಯುತ್ತಾರೆ, ಇವನ್ನು ಕೇಳಲು ಅವನಿಗೆ ಸಂಕೋಚ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಆದರೂ ಬೇಡದ ಮುಟ್ಟುವಿಕೆಯನ್ನು ಬೇಡ ಎನ್ನಬಹುದು, ದೊಡ್ಡವರು ಗುಟ್ಟಾಗಿಡು ಎಂದದ್ದನ್ನು ಮನೆಯಲ್ಲಿ ಹೇಳಬಹುದು, 1098ಕ್ಕೆ ಯಾವ ಮಗುವಾದರೂ ಫೋನು ಮಾಡಬಹುದು ಎಂಬ ಮಾತನ್ನು ಮಗುವಿಗೆ ಹೇಳುವುದಕ್ಕಿಂತ ಇನ್ನೊಂದು ಟಾರ್ಚು ಕೊಡಿಸುವುದು ಅವನಿಗೆ ಸುಲಭ. ಟಾರ್ಚಿನ ವಿಷಯ ಮಾತಾಡಲು ಮುಜುಗರವಿಲ್ಲ.

ಎರಡನೆಯ ಆಕ್ಷೇಪಣೆ ಕರುಳಿನದು. ಮಗು ಅತ್ತರೆ? ಅಳುತ್ತದೆ. ಈ ಅಳುವಿಗೆ ವೈದ್ಯಶಾಸ್ತ್ರದಲ್ಲಿ ಹಳೆಯ ದಾಖಲೆಯೇ ಇದೆ. 1688ರಲ್ಲಿ ಯೊಹಾನ್ನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಮನೆಹಂಬಲವನ್ನು ಒಂದು ಕಾಯಿಲೆಯೆಂದೇ ಬಗೆದು ಪ್ರಬಂಧ ಬರೆದ. ‘ನಾಸ್ಟಾಲ್ಜಿಯಾ’ ಎಂಬ ಪದವನ್ನು ಗ್ರೀಕ್‌ನಿಂದ ಕಟ್ಟಿದ್ದು ಅವನೇ. ಅವನು ಸೂಚಿಸಿದ ಮದ್ದು, ರೋಗಿಯನ್ನು ಮನೆಗೆ ಕಳಿಸುವುದು. ಶಿಬಿರಪಿತನಿಗೆ ಹೋಫರ್ ಗೊತ್ತಿಲ್ಲ, ಆದರೂ ಅವನ ಪರಮ ಶಿಷ್ಯ. ಹೊರಡುವಾಗ ಮಗುವಿನ ಕಿವಿಯಲ್ಲಿ ಹೇಳುತ್ತಾನೆ: “ಬೇಜಾರಾದ್ರೆ ಹೇಳ್ಬಿಡು ಕಂದ, ರಾತ್ರೋರಾತ್ರಿ ಬಂದು ಕರ್ಕೊಂಡ್ ಬರ್ತೀನಿ.” 2007ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮನೆಹಂಬಲದ ಬಗ್ಗೆ ವರದಿಯೊಂದನ್ನು ಹೊರತಂದಿತು. ಬೇಸಿಗೆ ಶಿಬಿರದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಮನಶ್ಶಾಸ್ತ್ರಜ್ಞ ಕ್ರಿಸ್ಟೊಫರ್ ಥರ್ಬರ್ ಅದರ ಲೇಖಕರಲ್ಲೊಬ್ಬರು. ಕೊಡಲೇಬಾರದು ಎಂದು ಅವರು ಹೇಳುವುದು ಸರಿಯಾಗಿ ಈ ಮಾತನ್ನೇ. ಕರೆದುಕೊಂಡು ಬರುತ್ತೇನೆ ಎಂಬ ಭರವಸೆಯೊಳಗೆ, ನಿನ್ನ ಕೈಲಿ ಆಗದು ಎಂಬ ತೀರ್ಪೂ ಅಡಗಿದೆ, ಮಗು ಅದನ್ನು ಸರಿಯಾಗಿಯೇ ಕೇಳಿಸಿಕೊಳ್ಳುತ್ತದೆ. ಬದಲಿಗೆ ಹೋಗುವ ನಿರ್ಧಾರದಲ್ಲೇ ಮಗುವನ್ನು ಸೇರಿಸಿಕೊಳ್ಳಿ, ಮೊದಲೇ ಒಂದೆರಡು ರಾತ್ರಿ ನೆಂಟರ ಮನೆಯಲ್ಲಿ ಬಿಟ್ಟು ಅಭ್ಯಾಸ ಮಾಡಿಸಿ ಎನ್ನುತ್ತಾರೆ. ಇದನ್ನು ಹೇಳಲು ಅಮೆರಿಕದವರೇ ಬೇಕಿತ್ತೆ ಎಂದು ನಮ್ಮ ಅಜ್ಜಿಯರು ನಗಬಹುದು.

ಅಜ್ಜಿಯರ ಮಾತಿಗೂ ಉತ್ತರ ಕೊಡಬೇಕು, ಏಕೆಂದರೆ ಈ ತಕರಾರು ಎಲ್ಲಕ್ಕಿಂತ ಗಟ್ಟಿ. ಬೇಸಿಗೆ ಎಂದರೆ ಅಜ್ಜನ ಮನೆ ಇರಲಿಲ್ಲವೇ? ಅಲ್ಲಿ ಮಾವಿನ ತೋಪು, ಹಲಸಿನ ಹಪ್ಪಳ, ಬಾವಿ ಕಟ್ಟೆ, ಸಾಲಾಗಿ ಹಾಸಿದ ಹಾಸಿಗೆಯಲ್ಲಿ ಹನ್ನೆರಡು ಮಕ್ಕಳು. ನೋಂದಣಿ ಇಲ್ಲ, ಪಟ್ಟಿ ಇಲ್ಲ, ದುಡ್ಡು ಕೊಟ್ಟು ಶಿಬಿರವೇಕೆ? ತಕರಾರು ಸರಿ, ಲೆಕ್ಕ ಮಾತ್ರ ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7. ಅಜ್ಜನ ಮನೆ ಹಾಗೇ ಇದೆ ಎಂದುಕೊಳ್ಳೋಣ, ತೋಪು ಸೈಟಾಗಿಲ್ಲ ಎಂದೂ ಧಾರಾಳವಾಗಿ ಒಪ್ಪೋಣ. ಹನ್ನೆರಡು ಮಕ್ಕಳನ್ನು ತರುವುದೆಲ್ಲಿಂದ? ಇರುವ ಒಬ್ಬ ಅತ್ತೆಯ ಮಗಳು ಮೇಲ್ಬೋರ್ನಿನಲ್ಲಿದ್ದಾಳೆ, ಅವಳ ರಜೆಯೇ ಬೇರೆ ತಿಂಗಳು. ಒಂದೇ ಸಾಲಿನಲ್ಲಿ ಮಲಗಿ ಕತ್ತಲಲ್ಲಿ ದೆವ್ವದ ಕಥೆ ಹೇಳಲು ಈಗಿನ ಮಗುವಿಗೆ ಅಪರಿಚಿತರ ಮಕ್ಕಳೇ ಗತಿ. ಮಕ್ಕಳನ್ನು ಹೊರಗೆ ಕಳಿಸುವುದು ಹೊಸತೂ ಅಲ್ಲ. ಕೃಷ್ಣ ಬಲರಾಮರು ಸಾಂದೀಪನಿಯ ಆಶ್ರಮದಲ್ಲಿ 64 ದಿನ ಇದ್ದು 64 ವಿದ್ಯೆ ಕಲಿತರೆಂದು ಪುರಾಣ ಹೇಳುತ್ತದೆ. ಸೌದೆ ತರಲು ಹೋಗಿ ಕೃಷ್ಣನೂ ಕುಚೇಲನೂ ರಾತ್ರಿಯೆಲ್ಲ ಕಾಡಿನ ಮಳೆಯಲ್ಲಿ ಸಿಕ್ಕಿಕೊಂಡರು. ವಸುದೇವ ಗ್ರೂಪಿನಲ್ಲಿ ಇದ್ದಿದ್ದರೆ ಆ ರಾತ್ರಿಯೇ ರಥ ಕಟ್ಟಿಸುತ್ತಿದ್ದ, ಇಬ್ಬರ ಸ್ನೇಹ ಸೌದೆಯ ಜೊತೆ ಅಲ್ಲೇ ನೆನೆದು ಉಳಿಯುತ್ತಿತ್ತು.

ಪುರಾಣ ಬೇಡವೆನ್ನುವವರು ಜೂನ್ ತಿಂಗಳಲ್ಲಿ ಯಾವುದಾದರೂ ತಾಲೂಕು ಬಸ್ ನಿಲ್ದಾಣದಲ್ಲಿ ನಿಂತು ನೋಡಬಹುದು. ನವೋದಯ ಶಾಲೆಗಳಿಗೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಗೆ ಸೇರುವ ಮಕ್ಕಳು ಹೊರಟಿರುತ್ತಾರೆ. ಹನ್ನೊಂದು ಹನ್ನೆರಡರ ವಯಸ್ಸು, ಕೈಯಲ್ಲಿ ಹೆಸರು ಬರೆಸಿದ ತಗಡಿನ ಟ್ರಂಕು, ಹೋಗುತ್ತಿರುವುದು ಹತ್ತು ದಿನಕ್ಕಲ್ಲ, ವರ್ಷಗಳಿಗೆ. ಸಿದ್ಧಗಂಗೆಯಂಥ ಮಠಗಳ ಉಚಿತ ವಿದ್ಯಾರ್ಥಿ ನಿಲಯಗಳಲ್ಲಿ ಓದಿ ದೊಡ್ಡವರಾದವರು ಈ ನಾಡಿನಲ್ಲಿ ಎಣಿಸಿ ಮುಗಿಯದಷ್ಟು ಮಂದಿ. ಅವರದು ಬಡತನದ ಅನಿವಾರ್ಯ, ನಮ್ಮದಕ್ಕೆ ಅದನ್ನು ಹೋಲಿಸಬೇಡಿ ಎಂದು ಶಿಬಿರಪಿತ ಹೇಳಿದರೆ ಮಾತು ನಿಜವೇ. ಅನಿವಾರ್ಯಕ್ಕೆ ಬಿಟ್ಟು ಬಂದ ತಂದೆಯ ಸಂಕಟ ಕಡಿಮೆಯದೇನಲ್ಲ. ವಾರ್ಡನ್ನಿಗೆ ಕೈಮುಗಿದು, ಮಗನಿಗೆ ಹತ್ತು ರೂಪಾಯಿ ಕೊಟ್ಟು, ತಿರುಗಿ ನೋಡಿದರೆ ಕಾಲು ಏಳುವುದಿಲ್ಲವೆಂದು ನೋಡದೆ ಬಸ್ಸು ಹತ್ತಿದ. ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರೆದ: ಇಲ್ಲಿ ಎಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ. ಮಧ್ಯೆ ಮೂವತ್ತು ದಿನ ಏನು ಮಾಡಿದ, ಯಾರಿಗೆ ಗೊತ್ತು. ಹಾಗೆ ಬಿಟ್ಟು ಹೋದ ತಂದೆಯ ಮಗನೇ ಎಷ್ಟೋ ವೇಳೆ ಇವತ್ತಿನ ಶಿಬಿರಪಿತ. ಟ್ರಂಕಿನ ಮೇಲೆ ಕೂತು ಬಸ್ಸಿನ ಹಿಂಭಾಗ ನೋಡಿದ ಹುಡುಗ, ತನಗೆ ಆಗ ಸಿಗದ ನಲವತ್ತು ಫೋಟೊಗಳನ್ನು ಈಗ ದಿನಾ ಕೇಳುತ್ತಿದ್ದಾನೆ. ಇದನ್ನು ನೆನೆದರೆ ಅವನನ್ನು ಗೇಲಿ ಮಾಡುವ ಲೇಖನಿ ಸ್ವಲ್ಪ ತಡೆಯುತ್ತದೆ. ಲೇಖನಿ ಹಿಡಿದವನೂ ಆ ಪೈಕಿಯವನಲ್ಲ ಎಂದು ಪ್ರಮಾಣ ಮಾಡಲು ತಯಾರಿಲ್ಲ.

ಆದರೂ ಬಿಟ್ಟು ಬರುವ ಬೆಳಗಿನ ದೃಶ್ಯ ನೋಡಿ. ಅವನು ಮಲಗುವ ಕೋಣೆಯ ಫ್ಯಾನು ಹಾಕಿ ನೋಡುತ್ತಾನೆ, ಬಚ್ಚಲಿನ ಚಿಲಕ ಮೂರು ಸಲ ಹಾಕಿ ತೆಗೆಯುತ್ತಾನೆ, ಗೋಡೆ ಬದಿಯ ಹಾಸಿಗೆ ಹಿಡಿದು ಚಾದರ ಕೊಡವುತ್ತಾನೆ. ಮಗು ಆಗಲೇ ಇಬ್ಬರು ಅಪರಿಚಿತರ ಜೊತೆ ನೇರಳೆ ಮರದ ಬುಡದಲ್ಲಿದೆ. ಹೊರಡುತ್ತೇನೆ ಎಂದು ನಾಲ್ಕನೆಯ ಸಲ ಹೇಳಲು ಹೋದಾಗ “ಅಪ್ಪಾ, ಎಲ್ಲಾರೂ ನೋಡ್ತಿದಾರೆ, ನೀನ್ ಹೋಗು” ಎನ್ನುತ್ತದೆ. ಆ ರಾತ್ರಿ ಗಂಡ ಹೆಂಡತಿ ಎದುರು ಬದುರು ಕೂತು ಉಣ್ಣುತ್ತಾರೆ. ತಿನ್ನು ತಿನ್ನು ಎಂದು ಗದರಿಸಲು ಯಾರೂ ಇಲ್ಲ, ಮಾತಿಗೆ ಬೇರೆ ವಿಷಯ ಹುಡುಕಬೇಕು. ನಲವತ್ತು ಫೋಟೊಗಳಲ್ಲಿ ಅವನು ಹುಡುಕುತ್ತಿರುವುದು ಸೊರಗಿದ ಮುಖವನ್ನೇ, ಬಲವಂತದ ನಗುವನ್ನೇ. ಇಪ್ಪತ್ತಮೂರನೆಯದರಲ್ಲಿ ಮಗು ಕೆಸರು ಮೆತ್ತಿಕೊಂಡು ಬಾಯಿ ತುಂಬ ನಗುತ್ತಿದೆ, ಅದರಲ್ಲಿ ಬಲವಂತ ಕಾಣುವುದಿಲ್ಲ. ಅವನಿಗೆ ನಿದ್ದೆ ಬಾರದಂತೆ ಮಾಡುವ ಫೋಟೊ ಅದೊಂದೇ.

ಹತ್ತು ದಿನದ ಮೇಲೆ ಬ್ಯಾಗು ಮನೆಗೆ ಬರುತ್ತದೆ. ಹತ್ತು ಜೊತೆ ಬಟ್ಟೆಯಲ್ಲಿ ಏಳು ಹಾಕಿದ ಮಡಿಕೆಯಲ್ಲೇ ಇವೆ. ಎರಡು ಟಾರ್ಚಿಗೆ ಬ್ಯಾಟರಿಯೇ ಹಾಕಿಲ್ಲ. ಕೋಡುಬಳೆ ಮೊದಲ ರಾತ್ರಿಯೇ ಎಂಟು ಜನಕ್ಕೆ ಹಂಚಿಹೋಗಿದೆ. ಸೋಪಿನ ಮೇಲಿನ ಕಾಗದ ಒಡೆದಿಲ್ಲ. ತಳದಲ್ಲಿ ಯಾರದೋ ಒದ್ದೆ ಟವೆಲ್ಲು, ಅಂಚಿನಲ್ಲಿ ಬೇರೊಂದು ಮಗುವಿನ ಹೆಸರು ಹೊಲಿದಿದೆ. ಆ ಮಗುವಿನ ಅಪ್ಪ ಆಗಲೇ ಗ್ರೂಪಿನಲ್ಲಿ ಕೇಳಿದ್ದಾನೆ.