ಜಪಾನಿನ ಕಚೇರಿಯಲ್ಲಿ ಕೃತಕ ಬುದ್ಧಿಯನ್ನು ಕೂರಿಸುವ ವಿಧಾನ: ಬಳಕೆದಾರರ ಕೈಪಿಡಿ

ಈ ಉಪಕರಣವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು. ಆರಿಸಿದ್ದು ನೀವಲ್ಲ, ಮೇಲಿನವರು ಎಲ್ಲಿಯೋ ಭಾಷಣ ಕೇಳಿ ಬಂದು ನಿಮ್ಮ ಕೊರಳಿಗೆ ಕಟ್ಟಿದ್ದಾರೆ ಎಂಬುದು ನಮಗೆ ಗೊತ್ತಿದೆ. ಆದರೂ ಧನ್ಯವಾದಗಳು.

ಉಪಕರಣಕ್ಕೆ ಜಪಾನೀ ಭಾಷೆ ಬರುತ್ತದೆ, ಲೆಕ್ಕ ಬರುತ್ತದೆ, ಮರ್ಯಾದೆಯ ಪತ್ರ ಬರೆಯಲು ಬರುತ್ತದೆ, ಮುಖ ಕೆಡಿಸಿಕೊಳ್ಳದೆ ಸುಳ್ಳು ಹೇಳಲೂ ಬರುತ್ತದೆ. ತಪ್ಪು ತೋರಿಸಿದರೆ ಕ್ಷಮಿಸಿ ಎಂದು ಎಷ್ಟು ಸಾಲು ಬೇಕಾದರೂ ಬರೆದುಕೊಡುತ್ತದೆ. ಆದರೆ ಜಪಾನಿನಲ್ಲಿ ಕ್ಷಮೆ ಕೇಳುವುದು ಸೊಂಟದಿಂದ. ಕಾರಿನ ಬ್ರೇಕು ಕೆಟ್ಟರೂ ಬ್ಯಾಂಕಿನ ಎಟಿಎಂ ನಿಂತರೂ ಕಂಪನಿಯ ಅಧ್ಯಕ್ಷರು ಅಕ್ಕಪಕ್ಕದವರ ಸಮೇತ ಕ್ಯಾಮೆರಾಗಳ ಮುಂದೆ ಸಾಲಾಗಿ ನಿಂತು ಬಗ್ಗುತ್ತಾರೆ. ಎಷ್ಟು ಬಗ್ಗಿದರು, ಎಷ್ಟು ಹೊತ್ತು ಬಗ್ಗಿದರು ಎಂಬುದನ್ನು ಜನ ನೋಡುತ್ತಾರೆ. ಈ ಉಪಕರಣಕ್ಕೆ ಸೊಂಟವಿಲ್ಲ. ಮುಂದೆ ಬರುವ ಬಹುಪಾಲು ಸೂಚನೆಗಳು ಈ ಒಂದು ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿ.

ಕೂರಿಸುವ ಮುನ್ನ

ಕೋಣೆಯಲ್ಲಿ ಈಗಾಗಲೇ ಇರುವ ಯಾವ ಯಂತ್ರವನ್ನೂ ಕದಲಿಸಕೂಡದು. ಮೂಲೆಯಲ್ಲಿ ಫ್ಯಾಕ್ಸ್ ಇರುತ್ತದೆ. ಅದಕ್ಕೊಂದು ನಮಸ್ಕಾರ ಹಾಕಿ ಮುಂದೆ ಹೋಗಿ. 2021ರಲ್ಲಿ ಸಚಿವ ಕೋನೊ ತಾರೊ ಟೋಕಿಯೊದ ಕಾಸುಮಿಗಾಸೆಕಿಯ ಸರ್ಕಾರಿ ಕಚೇರಿಗಳಿಗೆ, ಇನ್ನು ಫ್ಯಾಕ್ಸ್ ಸಾಕು, ಇಮೇಲ್ ಬಳಸಿ ಎಂದರು. ಇಲಾಖೆಗಳಿಂದ ಸುಮಾರು 400 ಆಕ್ಷೇಪಣೆಗಳು ಬಂದವು. ಗುಟ್ಟಿನ ಕಾಗದಪತ್ರಗಳ ವಿಷಯದಲ್ಲಿ ಇಮೇಲನ್ನು ನಂಬುವುದು ಹೇಗೆ ಎಂಬುದು ದೊಡ್ಡ ತಕರಾರು. ಫ್ಯಾಕ್ಸ್ ಉಳಿಯಿತು.

ನಗುವ ಮೊದಲು ಸ್ವಲ್ಪ ತಾಳಿ. ದಿನಬಳಕೆಗೆಂದೇ ಸರ್ಕಾರ ಪಟ್ಟಿ ಮಾಡಿರುವ ಕಾಂಜಿ ಅಕ್ಷರಗಳು 2,136. ಪಶ್ಚಿಮದ ಕಚೇರಿಗಳಲ್ಲಿ ಟೈಪ್‌ರೈಟರ್ ಟಕಟಕ ಅನ್ನುತ್ತಿದ್ದ ಕಾಲವೆಲ್ಲ ಜಪಾನಿನ ಗುಮಾಸ್ತ ಬಹುಮಟ್ಟಿಗೆ ಕೈಯಲ್ಲೇ ಬರೆಯುತ್ತಿದ್ದ. ತೋಶಿಬಾ ತನ್ನ ಮೊದಲ ಜಪಾನೀ ವರ್ಡ್ ಪ್ರೊಸೆಸರನ್ನು 1978ರಲ್ಲಿ ತೋರಿಸಿದಾಗ ಅದರ ಬೆಲೆ 63 ಲಕ್ಷ ಯೆನ್. ಅಂಥ ದೇಶಕ್ಕೆ, ಕೈಬರಹವನ್ನು ಬರೆದ ಹಾಗೆಯೇ ಊರಿಂದೂರಿಗೆ ಕಳಿಸುವ ಯಂತ್ರ ಸಿಕ್ಕಿದ್ದು ವರ ಸಿಕ್ಕಂತಾಯಿತು. ಜಪಾನಿನ ತೊಂದರೆ ಹೊಸದನ್ನು ತಡವಾಗಿ ತಂದದ್ದಲ್ಲ. ಬೇಗ ತಂದು, ಎಲ್ಲರಿಗಿಂತ ಚೆನ್ನಾಗಿ ಮಾಡಿ, ಆಮೇಲೆ ಬಿಡಲಾರದೆ ಹೋದದ್ದು.

ಎಷ್ಟು ಬೇಗ ಎಂದರೆ, 1928ರಷ್ಟು ಬೇಗ. ಆ ವರ್ಷ ಕ್ಯೋಟೊದಲ್ಲಿ ಹೊಸ ಚಕ್ರವರ್ತಿಯ ಪಟ್ಟಾಭಿಷೇಕ. ಅದರ ಚಿತ್ರಗಳನ್ನು ತಂತಿಯ ಮೂಲಕ ಟೋಕಿಯೊಗೆ ಮುಟ್ಟಿಸಿದ್ದು ನಿವಾ ಯಾಸುಜಿರೊ ರೂಪಿಸಿದ ಸ್ವದೇಶಿ ಯಂತ್ರ, ಇಂದಿನ ಫ್ಯಾಕ್ಸಿನ ಅಜ್ಜ. ಬಳಸಿದ್ದು ಒಸಾಕಾ ಮೈನಿಚಿ ಪತ್ರಿಕೆ. ಅದೇ ಪಟ್ಟಾಭಿಷೇಕದ ನೆನಪಿಗೆ ಅದೇ ಊರಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ, ಅದೇ ಪತ್ರಿಕೆಯಲ್ಲಿದ್ದ ಜೀವವಿಜ್ಞಾನಿ ನಿಶಿಮುರಾ ಮಕೊಟೊ ಒಂದು ಭಾರೀ ಗೊಂಬೆಯನ್ನು ಕೂರಿಸಿದ್ದರು. ಹೆಸರು ಗಾಕುತೆನ್ಸೊಕು. ಗಾಳಿಯ ಒತ್ತಡದಿಂದ ಮುಖಭಾವ ಬದಲಿಸುತ್ತಿತ್ತು, ಕೈಯಲ್ಲೊಂದು ಲೇಖನಿಯಿತ್ತು. ಜಪಾನಿನ ಮೊದಲ ರೋಬೋ ಎಂದು ಅದನ್ನೇ ಕರೆಯುತ್ತಾರೆ. ರೋಬೋ ಮುಂದೆ ಎಲ್ಲಿಯೋ ಕಳೆದುಹೋಯಿತು. ಫ್ಯಾಕ್ಸ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಪರವಾನಗಿ

ಈ ಭಾಗವನ್ನು ಓದದೆ ಬಿಡಬಹುದು, ಏಕೆಂದರೆ ಅಡ್ಡಿಯೇ ಇಲ್ಲ. ಕೃತಿಸ್ವಾಮ್ಯ ಕಾಯ್ದೆಯ 30-4ನೇ ವಿಧಿ 2019ರ ಜನವರಿ 1ರಿಂದ ಜಾರಿಯಲ್ಲಿದೆ. ಕೃತಿಯನ್ನು ಓದಿ ಆನಂದಿಸುವ ಉದ್ದೇಶವಿಲ್ಲದೆ ಬರೀ ವಿಶ್ಲೇಷಣೆಗೆ ಬಳಸುವುದಾದರೆ, ಕರ್ತೃವಿನ ಹಿತಕ್ಕೆ ಅನ್ಯಾಯವಾಗಿ ಧಕ್ಕೆ ತಾರದಿದ್ದರೆ, ಯಂತ್ರಕ್ಕೆ ಅದನ್ನು ಉಣಿಸಬಹುದು, ವ್ಯಾಪಾರಕ್ಕಾದರೂ ಸರಿ. 2025ರ ಮೇ ತಿಂಗಳಲ್ಲಿ ಕೃತಕ ಬುದ್ಧಿಯ ಉತ್ತೇಜನಕ್ಕೆಂದೇ ಒಂದು ಕಾಯ್ದೆ ಬಂತು. ಅದರಲ್ಲಿ ದಂಡವಿಲ್ಲ. ಬದಲಿಗೆ, ಪ್ರಜೆಗಳು ಈ ತಂತ್ರಜ್ಞಾನದ ಬಗ್ಗೆ ತಿಳಿವಳಿಕೆಯನ್ನೂ ಆಸಕ್ತಿಯನ್ನೂ ಬೆಳೆಸಿಕೊಳ್ಳಲು ಪ್ರಯತ್ನಿಸಬೇಕು ಎಂಬ ಮಾತಿದೆ. ಆಸಕ್ತಿ ವಹಿಸಿ ಎಂದು ಕಾಯ್ದೆಯೇ ಕೈಮುಗಿಯುವ ಸ್ಥಿತಿ ಏಕೆ ಬಂತೆಂದರೆ, ಸರ್ಕಾರದ 2024ರ ಶ್ವೇತಪತ್ರದ ಪ್ರಕಾರ ಇಂಥ ಉಪಕರಣವನ್ನು ಬಳಸಿ ನೋಡಿದ ಜಪಾನೀಯರು ಶೇ. 9.1. ಮರುವರ್ಷ ಅದು ಶೇ. 26.7ಕ್ಕೆ ಏರಿತು, ನಿಜ. ಅಮೆರಿಕ, ಚೀನಾಗಳು ಅಷ್ಟು ಹೊತ್ತಿಗೆ ಬಹಳ ಮುಂದೆ ಹೋಗಿದ್ದವು. ಬಳಸದವರು ಕೊಟ್ಟ ಕಾರಣಗಳಲ್ಲಿ ಯಂತ್ರ ಲೋಕವನ್ನು ನುಂಗುತ್ತದೆ ಎಂಬ ಭಯ ಮುಂದೆ ನಿಲ್ಲಲಿಲ್ಲ. ಹೇಗೆ ಬಳಸುವುದೋ ತಿಳಿಯದು, ನನ್ನ ಬದುಕಿಗೆ ಬೇಕಾಗಿಲ್ಲ ಎಂಬ ಎರಡೇ ಮುಂದಿದ್ದವು.

ಮುದ್ರೆ

ಇದು ಮುಖ್ಯ ಭಾಗ. ನಿಧಾನವಾಗಿ ಓದಿ.

ಉಪಕರಣ ಒಂದು ಕರಡು ಬರೆದುಕೊಟ್ಟಿತು ಎಂದುಕೊಳ್ಳಿ. ಎರಡೇ ನಿಮಿಷದ ಕೆಲಸ. ಈಗ ಅದನ್ನು ಮುದ್ರಿಸಿ ಕಡತಕ್ಕೆ ಸೇರಿಸಿ. ಕಡತವನ್ನು ಕೆಳಗಿನ ಮೇಜಿನಿಂದ ಶುರುಮಾಡಿ ಮೇಲಿನ ಮೇಜಿನವರೆಗೆ ಒಂದೊಂದಾಗಿ ಮಂಡಿಸತಕ್ಕದ್ದು. ಮಂಡಿಸುವ ಮುಂಚೆ ಪ್ರತಿಯೊಬ್ಬರ ಬಳಿ ಬೇರೆ ಬೇರೆಯಾಗಿ ಹೋಗಿ, ಚಹಾದ ನೆಪದಲ್ಲಿ ವಿಷಯವನ್ನು ಕಿವಿಗೆ ಹಾಕಿರತಕ್ಕದ್ದು. ಸಭೆಯಲ್ಲಿ ಯಾರಿಗೂ ಆಶ್ಚರ್ಯವಾಗಕೂಡದು. ಒಪ್ಪಿದವರು ತಮ್ಮ ಹೆಸರು ಕೆತ್ತಿದ ಪುಟ್ಟ ಮುದ್ರೆ ಹಾಂಕೊವನ್ನು ಕೆಂಪು ಮಸಿಗೆ ಅದ್ದಿ, ತಮ್ಮ ಚೌಕದಲ್ಲಿ ಒತ್ತುತ್ತಾರೆ. ನಿಮ್ಮ ಮುದ್ರೆಯನ್ನು ಎಡಕ್ಕೆ ತುಸು ವಾಲಿಸಿ ಒತ್ತಿ. ಎಡಗಡೆಯ ಚೌಕ ಮೇಲಧಿಕಾರಿಯದು, ನಿಮ್ಮ ಮುದ್ರೆ ಅವರಿಗೆ ಬಗ್ಗಿದಂತೆ ಕಾಣಬೇಕು. ಎಲ್ಲ ಕಚೇರಿಯಲ್ಲೂ ಈ ಪದ್ಧತಿಯಿಲ್ಲ, ಬ್ಯಾಂಕುಗಳಲ್ಲಿ ಹೆಚ್ಚು. ಮುದ್ರೆಯನ್ನು ಕಂಪ್ಯೂಟರಿಗೆ ತಂದವರು ಈ ವಾಲುವ ಸೌಕರ್ಯವನ್ನೂ ಮರೆಯದೆ ತಂದಿದ್ದಾರೆ.

ಹೊರಗಿನವರು ಇದನ್ನು ನಿಧಾನದ ಪರಮಾವಧಿ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಏಳು ಜನ ಒತ್ತಿದ ಕಾಗದದಲ್ಲಿ ತಪ್ಪು ಏಳು ಪಾಲಾಗುತ್ತದೆ. ಒಬ್ಬನ ಕುತ್ತಿಗೆಗೇ ಬರುವುದಿಲ್ಲ. ಇದೊಂದು ಒಳ್ಳೆಯ ವಿಮೆ. ಉಪಕರಣ ಕೆಡಿಸುವುದು ಈ ವಿಮೆಯನ್ನು. ಅದು ಕೊಟ್ಟ ಉತ್ತರದ ಹಿಂದೆ ಯಾರೂ ಇಲ್ಲ, ಆದ್ದರಿಂದ ಮೊದಲು ಒತ್ತಿದವನೇ ಅದರ ಅಪ್ಪನಾಗುತ್ತಾನೆ. ಯಾವ ಗುಮಾಸ್ತ ತಾನೇ ಮುಂದೆ ಬರುತ್ತಾನೆ?

ಮುದ್ರೆಯನ್ನೇ ಯಂತ್ರಕ್ಕೆ ಒಪ್ಪಿಸಿದರೆ? ಅದನ್ನೂ ಮಾಡಿದ್ದಾರೆ. 2019ರ ಡಿಸೆಂಬರಿನಲ್ಲಿ ಟೋಕಿಯೊದ ಅಂತರರಾಷ್ಟ್ರೀಯ ರೋಬೋ ಪ್ರದರ್ಶನದಲ್ಲಿ ಡೆನ್ಸೊ ವೇವ್‌ನವರು ಹಿಟಾಚಿ ಬಳಗದ ಕಂಪನಿಗಳ ಜೊತೆ ಸೇರಿ, ಪುಟ ಮಗುಚಿ ಮುದ್ರೆ ಒತ್ತುವ ರೋಬೋ ಕೈಯನ್ನು ತೋರಿಸಿದರು. ಮುದ್ರೆ ಬೇಡ ಎನ್ನುವುದಕ್ಕಿಂತ ಮುದ್ರೆ ಒತ್ತುವ ರೋಬೋ ಕಟ್ಟುವುದೇ ಸುಲಭ ಎಂದು ಆ ಎಂಜಿನಿಯರುಗಳಿಗೆ ತೋರಿದ್ದರಲ್ಲಿ ತಪ್ಪೇನಿಲ್ಲ. ಆಗ ಮಾಹಿತಿ ತಂತ್ರಜ್ಞಾನದ ಸಚಿವರಾಗಿದ್ದವರು 79 ವರ್ಷದ ತಾಕೆಮೊಟೊ ನಾವೊಕಾಜು. ಹಾಂಕೊ ಸಂಸ್ಕೃತಿಯನ್ನು ಉಳಿಸುವ ಸಂಸದರ ಕೂಟದ ಮುಖಂಡರಾಗಿದ್ದವರೂ ಅವರೇ.

ನಾಲ್ಕೇ ತಿಂಗಳಲ್ಲಿ ಕೊರೊನಾ ತುರ್ತುಸ್ಥಿತಿ. ಮನೆಯಲ್ಲೇ ಇರಿ ಎಂದು ಸರ್ಕಾರ ಕೇಳಿಕೊಂಡರೆ, ಮುದ್ರೆ ಒತ್ತುವುದಕ್ಕೆಂದೇ ಜನ ರೈಲು ಹತ್ತಿ ಕಚೇರಿಗೆ ಹೋದರು. ಆಸ್ಪತ್ರೆಗಳು ಸೋಂಕಿತರ ವಿವರವನ್ನು ಕೈಯಲ್ಲಿ ಬರೆದು ಫ್ಯಾಕ್ಸ್ ಮಾಡಿದವು. ಆ ಮುಜುಗರದ ಬೆನ್ನಿಗೇ ಕೋನೊ ಸುಮಾರು 15,000 ಸರ್ಕಾರಿ ವ್ಯವಹಾರಗಳಲ್ಲಿ ಶೇ. 99ಕ್ಕೂ ಹೆಚ್ಚಿನವಕ್ಕೆ ಮುದ್ರೆ ಬೇಡವೆಂದು ಸಾರಿದರು. ಮುದ್ರೆ ಕೆತ್ತುವ ಕಸುಬಿಗೆ ಹೆಸರಾದ ಯಾಮಾನಾಶಿ ಪ್ರಾಂತ ಸಿಟ್ಟಾಯಿತು. ಆಸ್ತಿ ವ್ಯವಹಾರದಂಥ ಕಡೆಗಳಲ್ಲಿ ನೋಂದಾಯಿತ ಮುದ್ರೆ ಇನ್ನೂ ಇದೆ.

ಮಾಹಿತಿ ತುಂಬುವುದು

ಫ್ಲಾಪಿ ಬೇಕಾಗಿಲ್ಲ. 2024ರ ಜೂನಿನಲ್ಲಿ, ಇದೇ ಕೋನೊ ಡಿಜಿಟಲ್ ಸಚಿವರಾಗಿದ್ದಾಗ, ಫ್ಲಾಪಿ ಕಡ್ಡಾಯ ಮಾಡಿದ್ದ ಸಾವಿರಕ್ಕೂ ಹೆಚ್ಚು ನಿಯಮಗಳು ರದ್ದಾದವು. ಹಳೆಯ ವಾಹನಗಳ ಮರುಬಳಕೆಗೆ ಸಂಬಂಧಿಸಿದ ಒಂದು ಮಾತ್ರ ಬಾಕಿಯಿತ್ತು. ಸೋನಿ ಕಂಪನಿ ಫ್ಲಾಪಿ ಮಾರುವುದನ್ನು ನಿಲ್ಲಿಸಿ ಆಗಲೇ 13 ವರ್ಷ.

ಇಲ್ಲಿ ಫ್ಲಾಪಿಯ ಪರವಾಗಿ ಒಂದು ಮಾತು ಹೇಳಲೇಬೇಕು. 2022ರಲ್ಲಿ ಯಾಮಾಗುಚಿ ಪ್ರಾಂತದ ಆಬು ಎಂಬ ಪುಟ್ಟ ಪಟ್ಟಣ, 463 ಬಡ ಕುಟುಂಬಗಳಿಗೆ ತಲಾ ಒಂದು ಲಕ್ಷ ಯೆನ್ ಹಂಚಲು ಹೋಗಿ, ಅಷ್ಟೂ ಹಣವನ್ನು, ಅಂದರೆ 4 ಕೋಟಿ 63 ಲಕ್ಷ ಯೆನ್ನನ್ನು, ಒಬ್ಬನೇ ನಿವಾಸಿಯ ಖಾತೆಗೆ ಹಾಕಿತು. ಹಣ ಆನ್‌ಲೈನ್ ಜೂಜಿನ ದಾರಿ ಹಿಡಿಯಿತು. ಬಹುಪಾಲು ಹೇಗೋ ವಾಪಸು ಬಂತು. ಲೋಕವೆಲ್ಲ ಫ್ಲಾಪಿಯನ್ನು ಹಳಿಯಿತು. ಆದರೆ ಫ್ಲಾಪಿಯಲ್ಲಿ ಹೋದ ಪಟ್ಟಿ ಸರಿಯಾಗಿಯೇ ಇತ್ತು. ಅದರ ಜೊತೆಗೆ, ಬೇಕಿಲ್ಲದಿದ್ದರೂ, ಬ್ಯಾಂಕಿಗೆ ಹೋದ ಕಾಗದದ ಅರ್ಜಿಯಲ್ಲಿ ಒಬ್ಬನ ಹೆಸರಿನ ಮುಂದೆ ಪೂರ್ತಿ ಮೊತ್ತವಿತ್ತು. ಹಳೆಯದು ಅಪಾಯವಲ್ಲ, ಒಂದರ ಪಕ್ಕ ಇನ್ನೊಂದು ಉಳಿಯುವುದು ಅಪಾಯ. ನಿಮ್ಮ ಉಪಕರಣ ಹೋಗಿ ನಿಲ್ಲುವುದು ಈ ಸಾಲಿನ ಕೊನೆಯಲ್ಲಿ.

ಮುಖ

ಉಪಕರಣಕ್ಕೆ ಮುಖ ಅಂಟಿಸಿದರೆ ಅರ್ಧ ಕೆಲಸ ಆದಂತೆ. ಕಚೇರಿಯ ಕಡತದಲ್ಲಿ ಹೀಗೆಲ್ಲ ಅನುಮಾನಿಸುವ ಜನ, ಕಣ್ಣು ಮಿಟುಕಿಸುವ ಯಂತ್ರಕ್ಕೆ ಬಾಗಿಲು ತೆರೆದಿಟ್ಟಿರುತ್ತಾರೆ. ತೆಜುಕಾ ಒಸಾಮು 1952ರಿಂದ ಬರೆದ ಆಟಂ ಎಂಬ ರೋಬೋ ಹುಡುಗನ ಜೊತೆ ಬೆಳೆದ ತಲೆಮಾರುಗಳಿವು. ಗುಸ್ಟೊ ಎಂಬ ಹೋಟೆಲುಗಳಲ್ಲಿ ಬೆಕ್ಕಿನ ಮುಖದ ರೋಬೋಗಳು ಮಿಯಾಂವ್ ಎನ್ನುತ್ತ ಊಟ ತರುತ್ತವೆ. ಅವು ಹುಟ್ಟಿದ್ದು ಚೀನಾದ ಶೆನ್‌ಝೆನ್‌ನಲ್ಲಿ. ಗಿರಾಕಿಗಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಕ್ಯೋಟೊದ ಕೋಡಾಯ್‌ಜಿ ದೇವಾಲಯದಲ್ಲಿ 2019ರಿಂದ ಕಾನ್ನೊನ್ ದೇವತೆಯ ರೂಪದ ರೋಬೋ ಪ್ರವಚನ ಕೊಡುತ್ತದೆ.

ಮುಖವೊಂದೇ ಸಾಕೆಂದು ಹಿಗ್ಗಬೇಡಿ. ಸಾಸೆಬೊದಲ್ಲಿ 2015ರಲ್ಲಿ ತೆರೆದ ಹೆನ್ ನಾ ಹೋಟೆಲಿನಲ್ಲಿ ಸ್ವಾಗತಕ್ಕೆ ಡೈನೋಸಾರ್ ರೋಬೋ, ಕೋಣೆಗೊಂದು ಮಾತಾಡುವ ಗೊಂಬೆ. ಅತಿಥಿ ಗೊರಕೆ ಹೊಡೆದರೆ ಗೊಂಬೆ ಅದನ್ನು ಅಪ್ಪಣೆಯೆಂದು ತಿಳಿದು, ಏನಂದಿರಿ, ಸರಿಯಾಗಿ ಕೇಳಿಸಲಿಲ್ಲ ಎಂದು ಎಬ್ಬಿಸುತ್ತಿತ್ತು. 2019ರ ಹೊತ್ತಿಗೆ 243 ರೋಬೋಗಳಲ್ಲಿ ಅರ್ಧಕ್ಕೂ ಹೆಚ್ಚು ಕೆಲಸ ಕಳೆದುಕೊಂಡವು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟೋಕಿಯೊದ ನಿಹೊನ್‌ಬಾಶಿಯಲ್ಲಿ 2021ರಿಂದ ಇರುವ ಡಾನ್ ಕೆಫೆ. ಅಲ್ಲಿ ಕಾಫಿ ತಂದು ಮಾತಾಡಿಸುವ ಬಿಳಿಯ ರೋಬೋಗಳನ್ನು ನಡೆಸುವವರು ಹಾಸಿಗೆ ಬಿಟ್ಟು ಏಳಲಾಗದವರು, ಮನೆಯಿಂದ ಹೊರಡಲಾಗದವರು. ಜಪಾನಿನ ಅತ್ಯುತ್ತಮ ರೋಬೋಗಳಲ್ಲಿ ಬುದ್ಧಿ ಕೃತಕವಲ್ಲ. ಮುಖದ ಹಿಂದೆ ಒಬ್ಬರು ಇದ್ದಾರೆ, ಅವರಿಗೊಂದು ಹೆಸರಿದೆ.

ಎಚ್ಚರಿಕೆ

ಸಾಹಿತ್ಯಕ್ಕೆ ಬಳಸಿದರೆ ಹೇಳಬೇಡಿ, ಇಲ್ಲವೇ ಕಾದಂಬರಿಗಾರ್ತಿ ಕುದಾನ್ ರಿಯೆ ಅವರಂತೆ ನಿಸ್ಸಂಕೋಚವಾಗಿ ಹೇಳಿಬಿಡಿ. 2024ರ ಜನವರಿಯಲ್ಲಿ ಆಕುತಾಗಾವಾ ಸಾಹಿತ್ಯ ಪ್ರಶಸ್ತಿ ಬಂದಾಗ, ಕಾದಂಬರಿಯ ಸುಮಾರು ಶೇ. 5 ಭಾಗ ಚಾಟ್‌ಜಿಪಿಟಿಯ ಮಾತು ಎಂದರು. ಎಲ್ಲರೂ ಇಷ್ಟು ನಿರಾಳವಾಗಿಲ್ಲ. ಅದೇ ವರ್ಷ ಅನಿಮೆಗಳಿಗೆ ದನಿ ಕೊಡುವ ಕಲಾವಿದರು, ಕೇಳದೆ ನಮ್ಮ ದನಿ ಕದಿಯಬೇಡಿ ಎಂದು ಬೀದಿಗಲ್ಲದಿದ್ದರೂ ಪರದೆಗೆ ಬಂದರು.

ವಿಲೇವಾರಿ

ಉಪಕರಣಕ್ಕೆ ದೇಹವಿದ್ದರೆ ಕಸಕ್ಕೆ ಹಾಕಕೂಡದು. 1999ರಲ್ಲಿ ಸೋನಿ ತಂದ ಐಬೊ ಎಂಬ ನಾಯಿಯ ಬೆಲೆ ಎರಡೂವರೆ ಲಕ್ಷ ಯೆನ್. ಜಪಾನಿಗೆಂದು ಇಟ್ಟ 3,000 ನಾಯಿಗಳು 20 ನಿಮಿಷದಲ್ಲಿ ಖಾಲಿಯಾದವು. 2014ರಲ್ಲಿ ಕಂಪನಿ ರಿಪೇರಿ ನಿಲ್ಲಿಸಿದ ಮೇಲೆ, ಚಿಬಾ ಪ್ರಾಂತದ ಕೋಫುಕುಜಿ ದೇವಾಲಯದಲ್ಲಿ ಸತ್ತ ಐಬೊಗಳಿಗೆ ಮಂತ್ರಸಹಿತ ಅಂತ್ಯಕ್ರಿಯೆ ನಡೆಯಿತು. 2018ರ ಹೊತ್ತಿಗೆ ಅಂಥವು ಸುಮಾರು 800. ಮಂತ್ರ ಮುಗಿದ ಮೇಲೆ ಅವುಗಳ ಬಿಡಿಭಾಗ ಇನ್ನೂ ಬದುಕಿದ್ದ ನಾಯಿಗಳಿಗೆ. ಆಯುಧಪೂಜೆಯಲ್ಲಿ ನಾವು ಓಡುವ ಯಂತ್ರಕ್ಕೆ ಕುಂಕುಮ ಹಚ್ಚುತ್ತೇವೆ. ಅವರು ನಿಂತುಹೋದ ಯಂತ್ರಕ್ಕೆ ಧೂಪ ಹಾಕುತ್ತಾರೆ. ದೇಹವಿಲ್ಲದ ಉಪಕರಣವಾದರೆ ಚಂದಾ ನಿಲ್ಲಿಸಿದರೆ ಸಾಕು.

ತೊಂದರೆ ಮತ್ತು ಪರಿಹಾರ

ತೊಂದರೆ: ಉಪಕರಣ ಸಿದ್ಧವಾಗಿದೆ, ಯಾರೂ ಏನೂ ಕೇಳುತ್ತಿಲ್ಲ.
ಪರಿಹಾರ: ಯೊಕೊಸುಕಾ ನಗರಾಡಳಿತವನ್ನು ಅನುಸರಿಸಿ. 2023ರ ಏಪ್ರಿಲ್‌ನಲ್ಲಿ ಜಪಾನಿನ ಸ್ಥಳೀಯ ಆಡಳಿತಗಳಲ್ಲೇ ಮೊದಲಿಗೆ ಅದು ಚಾಟ್‌ಜಿಪಿಟಿಯನ್ನು ಕಚೇರಿ ಕೆಲಸಕ್ಕೆ ಪ್ರಯೋಗಿಸಿತು. ಹೊಸ ಪರದೆ ತೆರೆಯಿರಿ ಎನ್ನಲಿಲ್ಲ. ನೌಕರರು ಆಗಲೇ ಬಳಸುತ್ತಿದ್ದ ಚಾಟ್ ವ್ಯವಸ್ಥೆಯ ಹೊಟ್ಟೆಯೊಳಗೆ ಅದನ್ನು ಇಟ್ಟುಬಿಟ್ಟಿತು. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಕಪ್ಪು ಹಡಗುಗಳೊಂದಿಗೆ ಬಂದಿಳಿದ ಕುರಿಹಾಮಾ ಇಂದು ಇದೇ ನಗರದ ಭಾಗ. ಹೊರಗಿನಿಂದ ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುವುದರಲ್ಲಿ ಊರಿಗೆ ಅಭ್ಯಾಸವಿದೆ.

ತೊಂದರೆ: ಉಪಕರಣ ತಪ್ಪು ಉತ್ತರ ಕೊಟ್ಟಿದೆ.
ಪರಿಹಾರ: ಕಡತದಲ್ಲಿ ಮೊದಲ ಚೌಕ ನೋಡಿ.

ತೊಂದರೆ: ಮೊದಲ ಚೌಕದಲ್ಲಿರುವುದು ನನ್ನದೇ ಮುದ್ರೆ.
ಪರಿಹಾರ: ಸೊಂಟದ ವ್ಯಾಯಾಮ ಶುರುಮಾಡಿ.

ತೊಂದರೆ: ಉತ್ತರ ಸರಿಯಾಗಿದೆ, ಎಲ್ಲರೂ ಒತ್ತಿದ್ದಾರೆ, ವಿಭಾಗದ ಮುಖ್ಯಸ್ಥರು ಮಾತ್ರ ರಜೆಯಲ್ಲಿದ್ದಾರೆ.
ಪರಿಹಾರ: ಸೋಮವಾರ ಬರುತ್ತಾರೆ.